ಕಡಲ ಗಾಳಿಯಲ್ಲಿ ಸೆಲ್ ಚಿತ್ರಗಳು: ನಾನು ಜೋಪಾನ ಮಾಡುವ ಬಗೆ

ಕಾರವಾರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಮುಂಜಿ, ಪಾಸ್‌ಪೋರ್ಟ್ ಫೋಟೋ, ಇವುಗಳಿಂದ ಹೊಟ್ಟೆಪಾಡು. ಮನಸ್ಸು ಇರುವುದು ಮಾತ್ರ ಕೈಯಿಂದ ಬರೆದ ಅನಿಮೇಷನ್ ಚಿತ್ರಗಳ ಮೇಲೆ. ಕಂಪ್ಯೂಟರ್ ಬರುವ ಮೊದಲು ಕಾರ್ಟೂನ್ ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಗೆರೆ ಎಳೆದು, ಬಣ್ಣ ತುಂಬಿ, ಕ್ಯಾಮೆರಾದ ಕೆಳಗೆ ಒಂದೊಂದಾಗಿ ಇಟ್ಟು ತೆಗೆದದ್ದು. ಆ ಹಾಳೆಗೆ ಸೆಲ್ ಅಂತಾರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಅಷ್ಟೂ ಜನರ ಕೈಯಿಂದ ಬಂದದ್ದು. ಶೂಟಿಂಗ್ ಮುಗಿದ ಮೇಲೆ ಅದರಲ್ಲಿ ಬಹುಪಾಲು ಕಸದ ಬುಟ್ಟಿಗೆ ಹೋಯಿತು, ಇಲ್ಲವೇ ತೊಳೆದು ಇನ್ನೊಂದು ಚಿತ್ರಕ್ಕೆ ಬಳಸಿದರು.

ನನಗೆ ಈ ಹುಚ್ಚು ಹತ್ತಿಸಿದವರು ನಮ್ಮ ಸೋದರಮಾವ. ನಮ್ಮ ಕಡೆಯವರು ಆಗ ಕೆಲಸ ಅಂದರೆ ಮುಂಬೈ ಅಂತಲೇ ಹೋಗುತ್ತಿದ್ದರು. ಮಾವನೂ ಹೋದರು. ಅಲ್ಲಿ ಜಾಹೀರಾತು ಚಿತ್ರ ಮಾಡುವ ಒಂದು ಸ್ಟುಡಿಯೋದಲ್ಲಿ ಬಣ್ಣ ತುಂಬುವ ಕೆಲಸ ಸಿಕ್ಕಿತು. ಮುಂಬೈಯಲ್ಲಿ ಈ ಕಸುಬಿಗೆ ಒಳ್ಳೆಯ ತಳಪಾಯ ಇತ್ತು. 1956ರಲ್ಲಿ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗಕ್ಕೆ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಬಂದು ತರಬೇತಿ ಕೊಟ್ಟಿದ್ದರು. ರಾಮ್ ಮೋಹನ್ ಅವರಂಥವರು ಅಲ್ಲೇ ಪಳಗಿ, ಆಮೇಲೆ ಸ್ವಂತ ಸ್ಟುಡಿಯೋ ಮಾಡಿದರು. ಮಾವ ಆ ದೊಡ್ಡವರ ಸಾಲಿನವರಲ್ಲ. ದಿನವಿಡೀ ಮೇಜಿನ ಮೇಲೆ ಬಗ್ಗಿ ಬ್ರಷ್ ಹಿಡಿದವರು. ನಿವೃತ್ತಿಯಾಗಿ ಊರಿಗೆ ಬರುವಾಗ ಸ್ಟುಡಿಯೋದವರು ಎಸೆಯಲು ಇಟ್ಟಿದ್ದ ಒಂದು ಕಟ್ಟನ್ನು ಕೇಳಿ ತಂದಿದ್ದರು.

ಆ ಕಟ್ಟಿನಲ್ಲಿ ನನಗೆ ತುಂಬ ಇಷ್ಟದ್ದು ಒಂದು ಆನೆಮರಿ. ಎದುರಿನಿಂದ ನೋಡಿದರೆ ಸಪಾಟಾದ ಬೂದು ಬಣ್ಣ, ಕಪ್ಪು ಗೆರೆ, ಅಷ್ಟೇ. ತಿರುಗಿಸಿ ನೋಡಿ. ಬಣ್ಣ ಹಚ್ಚುವುದು ಹಿಂದಿನಿಂದ ಅಲ್ವಾ, ಅಲ್ಲಿ ಕೆಲಸ ಕಾಣುತ್ತದೆ. ಬ್ರಷ್ ನಿಂತ ಕಡೆ ಬಣ್ಣ ಗಂಟುಗಂಟಾಗಿ ದಪ್ಪ. ಕಿವಿಯ ಹತ್ತಿರ ಗೆರೆ ದಾಟದ ಹಾಗೆ ಬಣ್ಣವನ್ನು ದೂಡಿಕೊಂಡು ಹೋದ ಗುರುತು. ಬಾಲದ ಪಕ್ಕ, ಒಣಗುವ ಮೊದಲೇ ಯಾರೋ ಮುಟ್ಟಿದ ಬೆರಳಚ್ಚು. ಬಲ ಮೂಲೆಯಲ್ಲಿ ಶಾಯಿಯಲ್ಲಿ ಹಾಳೆಯ ನಂಬರು, ‘ಸಿ 17’. ಕೆಳಗೆ ಪೆಗ್ ತೂತುಗಳು, ಹಾಳೆ ಅಲುಗದ ಹಾಗೆ ಗೂಟಕ್ಕೆ ಸಿಕ್ಕಿಸಲು.

“ತಮಾ, ಚಿತ್ರ ನೋಡೋರು ಎದುರಿಂದ ನೋಡ್ತಾರೆ. ಹಚ್ಚಿದೋರು ಯಾರು ಅಂತ ಬೇಕಾದ್ರೆ ಹಿಂದೆ ನೋಡ್ಬೇಕು” ಅಂತ ಮಾವ ಹೇಳಿದ್ದರು. ನನ್ನ ಸಂಗ್ರಹ, ನನ್ನ ಡಿಜಿಟಲ್ ಪ್ರತಿ ಎಲ್ಲವೂ ಇದೇ ಮಾತಿನ ಮೇಲೆ ನಿಂತಿವೆ. ಸೆಲ್ ಅಂದರೆ ಬರೀ ಚಿತ್ರವಲ್ಲ, ಪೂರ್ತಿ ಹಾಳೆ. ಅಂಚು, ತೂತು, ನಂಬರು, ಹಿಂಬದಿ ಎಲ್ಲ ಸೇರಿದರೇ ಅದು.

ಆಮೇಲೆ ನಾನು ಹೊರಗಿನಿಂದಲೂ ಕೊಳ್ಳಲು ಶುರು ಮಾಡಿದೆ. ಹೆಚ್ಚಾಗಿ ಜಪಾನಿನ ಟಿವಿ ಧಾರಾವಾಹಿಗಳ ಸೆಲ್. ಅಲ್ಲಿ ಸೆಲ್ ಜೊತೆಗೆ ಅದಕ್ಕೆ ಮೂಲವಾದ ಕಾಗದದ ಪೆನ್ಸಿಲ್ ಚಿತ್ರವೂ ಎಷ್ಟೋ ಸಲ ಸಿಗುತ್ತದೆ. ಹೆಸರಿಲ್ಲದ ಪಾತ್ರ, ಬೆನ್ನು ತಿರುಗಿಸಿ ನಿಂತ ಪಾತ್ರ, ಇಂಥವು ಕಡಿಮೆ ಬೆಲೆಗೆ ಬರುತ್ತವೆ. ನನಗೆ ಅದೇ ಸಾಕು. ಕೊಳ್ಳುವಾಗ ನಾನು ನೋಡುವುದು ಒಂದೇ: ಇದು ನಿಜವಾಗಿ ಕ್ಯಾಮೆರಾದ ಕೆಳಗೆ ಹೋದ ಹಾಳೆಯೋ, ಮಾರಲಿಕ್ಕೆ ಅಂತ ಆಮೇಲೆ ಮಾಡಿದ್ದೋ? ಅದಕ್ಕೆ ಮಾರುವವರ ಹತ್ತಿರ ಹಿಂಬದಿಯ ಫೋಟೋ ಕೇಳುತ್ತೇನೆ. ಮಾರಾಟಕ್ಕಾಗಿ ಮುದ್ರಿಸಿದ ಸೆಲ್ ಇದ್ದರೆ ಬಣ್ಣ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಎಷ್ಟರಲ್ಲಿ ಎಷ್ಟನೆಯ ಪ್ರತಿ ಎಂಬ ನಂಬರು ಇರುತ್ತದೆ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಅದು ಬೇರೆ ವಸ್ತು, ಬೆಲೆಯೂ ಬೇರೆ ಇರಬೇಕು.

ಇಸವಿ ಗೊತ್ತಿದ್ದರೂ ಸಹಾಯ ಆಗುತ್ತದೆ. ಡಿಸ್ನಿಯವರು 1961ರ ‘ಒನ್ ಹಂಡ್ರೆಡ್ ಆ್ಯಂಡ್ ಒನ್ ಡಾಲ್ಮೇಷಿಯನ್ಸ್’ ಹೊತ್ತಿಗೆ ಪೆನ್ಸಿಲ್ ಗೆರೆಯನ್ನು ಜೆರಾಕ್ಸ್ ವಿಧಾನದಲ್ಲಿ ನೇರ ಹಾಳೆಗೆ ಇಳಿಸಲು ಶುರು ಮಾಡಿದ್ದರು. ಅದಕ್ಕಿಂತ ಹಳೆಯ ಚಿತ್ರಗಳಲ್ಲಿ ಕೈಯಿಂದ ಎಳೆದ ಬಣ್ಣಬಣ್ಣದ ಗೆರೆ. ಇನ್ನು 1990ರಿಂದ ಅವರ ದೊಡ್ಡ ಚಿತ್ರಗಳಿಗೆ ಕಂಪ್ಯೂಟರಿನಲ್ಲೇ ಬಣ್ಣ ಹಚ್ಚಿದರು. ಹಾಗಾಗಿ 1994ರ ‘ದಿ ಲಯನ್ ಕಿಂಗ್’ ಚಿತ್ರದ ಶೂಟಿಂಗಿಗೆ ಬಳಸಿದ ಸೆಲ್ ಅಂತ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅವು ಮಾರಲಿಕ್ಕಾಗಿಯೇ ಆಮೇಲೆ ಮಾಡಿದವು.

ಕೊಳ್ಳುವುದು ಸುಲಭ. ಕಾರವಾರದಲ್ಲಿ ಉಳಿಸಿಕೊಳ್ಳುವುದು ಕಷ್ಟ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲಿಂದ ಉಪ್ಪು ಗಾಳಿ. ಸೆಲ್ ಮೇಲಿನ ಬಣ್ಣ ನೀರಿನಲ್ಲಿ ಕಲಸಿದ್ದು. ತೇವ ಜಾಸ್ತಿಯಾದರೆ ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗಿ ಪಕ್ಕದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಹಾಗಂತ ಪೂರ್ತಿ ಒಣಗಿಸಿದರೆ ಬಣ್ಣ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ನನ್ನ ಸ್ಟುಡಿಯೋದಲ್ಲಿ ಲೆನ್ಸಿಗೆ ಬೂಸು ಹಿಡಿಯದಿರಲಿ ಅಂತ ಡ್ರೈ ಕ್ಯಾಬಿನೆಟ್ ಇತ್ತು. ಸೆಲ್‌ಗಳಿಗೂ ಅಂಥದ್ದೇ ಒಂದು ದೊಡ್ಡದು ತಂದೆ. ತೇವಾಂಶ 45ರಿಂದ 50 ಶೇಕಡಾ ನಡುವೆ ನಿಲ್ಲಿಸಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಅದಕ್ಕೆ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪಕ್ಕದಲ್ಲೊಂದು ತೇವಾಂಶದ ಮೀಟರ್ ಇಟ್ಟಿದ್ದೇನೆ.

ಪ್ರತಿ ಸೆಲ್ಲಿಗೂ ಬೇರೆ ಫೋಲ್ಡರ್, ಆಮ್ಲ ಇಲ್ಲದ ಕಾಗದದ್ದು. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಚ್ಚುವುದಿಲ್ಲ. ಕಾರಣ ಇದೆ. ಹಳೆಯ ಸೆಲ್ ನೈಟ್ರೇಟ್ ಹಾಳೆ, ಆಮೇಲಿನವು ಅಸಿಟೇಟ್. ಅಸಿಟೇಟ್ ಕೆಡುವಾಗ ವಿನೆಗರ್ ಆಮ್ಲ ಬಿಡುತ್ತದೆ. ಆ ಆಮ್ಲ ಒಳಗೇ ಉಳಿದರೆ ಕೆಡುವುದು ಇನ್ನಷ್ಟು ಜೋರಾಗುತ್ತದೆ, ಪಕ್ಕದ ಹಾಳೆಗೂ ಹಬ್ಬುತ್ತದೆ. ಫೋಲ್ಡರ್ ತೆಗೆದ ತಕ್ಷಣ ಮೂಗಿಗೆ ಹುಳಿ ವಾಸನೆ ಬಂದರೆ ಆ ಹಾಳೆಯನ್ನು ಬೇರೆ ಡಬ್ಬಿಗೆ ಹಾಕುತ್ತೇನೆ. ವಾಸನೆ ಬರುವ ಮೊದಲೇ ತಿಳಿಯಲು ಎ-ಡಿ ಸ್ಟ್ರಿಪ್ ಎನ್ನುವ ನೀಲಿ ಕಾಗದದ ಪಟ್ಟಿ ಸಿಗುತ್ತದೆ. ಆಮ್ಲ ಇದ್ದರೆ ಅದು ಹಸಿರು, ಹಳದಿ ಕಡೆಗೆ ತಿರುಗುತ್ತದೆ.

ಇಷ್ಟೆಲ್ಲ ಮಾಡಿದರೂ ಅಸಿಟೇಟ್ ಶಾಶ್ವತ ಅಲ್ಲ. ನಾವು ಅದರ ಆಯುಷ್ಯ ಹೆಚ್ಚಿಸಬಹುದು, ಅಷ್ಟೇ. ಅದಕ್ಕೇ ಡಿಜಿಟಲ್ ಪ್ರತಿ ನನಗೆ ಮುಖ್ಯ. ಯಾವ ಸೆಲ್ ಕೈಗೆ ಬಂದರೂ ಮೊದಲ ಕೆಲಸ ಅದು.

ಸೆಲ್ಲನ್ನು ನಾನು ಸ್ಕ್ಯಾನರಿಗೆ ಹಾಕುವುದಿಲ್ಲ. ಪ್ಲಾಸ್ಟಿಕ್ ಗಾಜಿಗೆ ತಾಗಿದರೆ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಮೂಡುತ್ತವೆ, ಮುಚ್ಚಳ ಒತ್ತಿದರೆ ಹಿಂದಿನ ಬಣ್ಣಕ್ಕೆ ಅಪಾಯ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಕೆಳಮುಖ ಮಾಡುತ್ತೇನೆ. ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ. ದೀಪಕ್ಕೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಪ್ಲಾಸ್ಟಿಕ್ಕಿನ ಹೊಳಪು ಪೂರ್ತಿ ಸಾಯುತ್ತದೆ. ಮಾವ ತಂದ ಮುಂಬೈ ಸೆಲ್‌ಗಳು 12.5 ಇಂಚು ಅಗಲ, 10.5 ಇಂಚು ಎತ್ತರ. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದೇ ಸಲಕ್ಕೆ ತೆಗೆದರೆ ಇಂಚಿಗೆ 400 ಪಿಕ್ಸೆಲ್ಲೂ ಸಿಗುವುದಿಲ್ಲ. ಎಡಭಾಗ ಒಂದು, ಬಲಭಾಗ ಒಂದು, ನಡುವೆ ಸ್ವಲ್ಪ ಎರಡರಲ್ಲೂ ಬರುವ ಹಾಗೆ ತೆಗೆದು ಜೋಡಿಸಿದರೆ 550ರ ಹತ್ತಿರ ಬರುತ್ತದೆ. ಬ್ರಷ್ಷಿನ ಗುರುತು ನೋಡಲು ಅಷ್ಟು ಸಾಕು. ಧೂಳನ್ನು ಕೈಪಂಪಿನಿಂದ ಊದುತ್ತೇನೆ. ಬಟ್ಟೆ, ನೀರು, ಸ್ಪಿರಿಟ್ ಯಾವುದೂ ಬಣ್ಣದ ಹತ್ತಿರ ಬರಬಾರದು.

ಎದುರು ಒಂದು ಸಲ, ಹಿಂಬದಿ ಒಂದು ಸಲ. ಆಮೇಲೆ ಹಿಂಬದಿಯನ್ನೇ ಒಂದು ಬದಿಯಿಂದ ತೀರಾ ಓರೆಯಾಗಿ ಬೆಳಕು ಬಿಟ್ಟು ಇನ್ನೊಂದು ಸಲ. ಆನೆಮರಿಯ ಬೆರಳಚ್ಚು, ಹೊಸದಾಗಿ ಬಂದ ಬಿರುಕು, ಎದ್ದ ಚಕ್ಕೆ ಎಲ್ಲ ಕಾಣುವುದು ಈ ಓರೆ ಬೆಳಕಿನಲ್ಲಿ.

ಬಣ್ಣದ ವಿಷಯಕ್ಕೆ ಬರೋಣ. ಪಕ್ಕದಲ್ಲಿ ಕಲರ್ ಚೆಕರ್, ಅಂದರೆ ಅಳತೆ ಗೊತ್ತಿರುವ ಬಣ್ಣದ ಚೌಕಗಳ ಪಟ್ಟಿ ಇಟ್ಟು ಫೋಟೋ ತೆಗೆದು ಅದಕ್ಕೆ ಹೊಂದಿಸುತ್ತೇನೆ. ನನ್ನ ಕಣ್ಣಿಗೆ ಚಂದ ಕಾಣಲಿ ಅಂತ ತಿದ್ದುವುದಿಲ್ಲ. ಒಂದರ ಮೇಲೊಂದು ಸೆಲ್ ಇಟ್ಟಾಗ ಪ್ರತಿ ಹಾಳೆಯೂ ಕೆಳಗಿನ ಬಣ್ಣವನ್ನು ಒಂಚೂರು ಮಂಕು ಮಾಡುತ್ತದೆ. ಅದನ್ನು ಸರಿದೂಗಿಸಲು ಅಡಿಯ ಹಾಳೆಗೆ ಬೇಕೆಂದೇ ಸ್ವಲ್ಪ ತಿಳಿ ಬಣ್ಣ ಹಚ್ಚುತ್ತಿದ್ದರು. ಅಂದರೆ ಒಂದೇ ಆನೆಮರಿಯ ಎರಡು ಹಾಳೆಯಲ್ಲಿ ಎರಡು ಬೂದು ಇದ್ದರೆ ಅದು ಬಣ್ಣ ಮಾಸಿದ್ದೇ ಆಗಬೇಕಿಲ್ಲ, ಲೆಕ್ಕ ಹಾಕಿ ಹಚ್ಚಿದ್ದೂ ಇರಬಹುದು. ಕಂಪ್ಯೂಟರಿನಲ್ಲಿ ಎರಡನ್ನೂ ಒಂದೇ ಮಾಡಿಬಿಟ್ಟರೆ ಮಾವನಂಥವರ ಆ ಜಾಣ್ಮೆಯನ್ನೇ ಅಳಿಸಿದ ಹಾಗೆ.

ಪೆನ್ಸಿಲ್ ಚಿತ್ರಗಳು ಮಾತ್ರ ಸ್ಕ್ಯಾನರಿಗೆ. 600 ಡಿಪಿಐ, ಎರಡು ಭಾಗ ಮಾಡಿ. ಕಪ್ಪುಬಿಳುಪಿನಲ್ಲಿ ಬೇಡ, ಬಣ್ಣದಲ್ಲೇ ಮಾಡಿ. ಜಪಾನಿನ ಚಿತ್ರಗಳಲ್ಲಿ ನೆರಳು ಎಲ್ಲಿ, ಹೊಳಪು ಎಲ್ಲಿ ಅಂತ ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿರುತ್ತಾರೆ. ಮುಖ್ಯ ಚಿತ್ರಗಳ ಅಂಚಿನಲ್ಲಿ ಏಣಿಯಂಥ ಒಂದು ಸಣ್ಣ ಗೆರೆಸಾಲು ಇರುತ್ತದೆ. ಎರಡು ಚಿತ್ರದ ನಡುವೆ ಎಷ್ಟು ಚಿತ್ರ, ಯಾವ ಕಡೆ ಹತ್ತಿರ ಹತ್ತಿರ, ಯಾವ ಕಡೆ ದೂರ ಎಂಬ ಸೂಚನೆ ಅದು. ಚಲನೆಯ ಗುಟ್ಟೆಲ್ಲ ಅಲ್ಲಿದೆ. ಫ್ರೇಮ್ ಚಂದ ಕಾಣಲಿ ಅಂತ ಜನ ಮೊದಲು ಕತ್ತರಿಸುವುದೂ ಅದೇ ಅಂಚನ್ನು. ನೋಡಿದಾಗ ಹೊಟ್ಟೆ ಉರಿಯುತ್ತದೆ.

ಫೈಲಿನ ವಿಚಾರ ಬೇಗ ಹೇಳುತ್ತೇನೆ. ಮೂಲ ಪ್ರತಿ 16 ಬಿಟ್ ಟಿಫ್. ಒಂದು ಮುಂಬೈ ಸೆಲ್ಲಿನ ಒಂದು ಬದಿಗೆ ಸುಮಾರು 240 ಎಂಬಿ ಆಗುತ್ತದೆ. ಅದನ್ನು ಆಮೇಲೆ ಮುಟ್ಟುವುದಿಲ್ಲ. ತೋರಿಸಲು, ಕಳಿಸಲು ಅದರಿಂದ ಸಣ್ಣ ಜೆಪೆಗ್. ಫೈಲಿನ ಹೆಸರಿನಲ್ಲೇ ಎಲ್ಲಿಂದ ಬಂತು, ಹಾಳೆಯ ನಂಬರು, ಎದುರೋ ಹಿಂದೋ ಎಲ್ಲ ಇರುತ್ತದೆ. ಒಟ್ಟು ಮೂರು ಪ್ರತಿ: ಸ್ಟುಡಿಯೋದಲ್ಲೊಂದು ಹಾರ್ಡ್ ಡಿಸ್ಕ್, ಕ್ಲೌಡ್‌ನಲ್ಲಿ ಒಂದು, ಶಿರಸಿಯಲ್ಲಿರುವ ತಂಗಿಯ ಮನೆಯಲ್ಲಿ ಇನ್ನೊಂದು ಡಿಸ್ಕ್. ಇಲ್ಲಿನ ಉಪ್ಪು ಗಾಳಿಗೆ ಯುಎಸ್‌ಬಿ ಪಿನ್ನೇ ಹಸಿರುಗಟ್ಟುತ್ತದೆ, ಕಡಲಿನಿಂದ ದೂರ ಒಂದು ಇರಲೇಬೇಕು. ದೇವಿಮನೆ ಘಾಟಿ ಹತ್ತಿ ಅವಳ ಮನೆಗೆ ಹೋದಾಗಲೆಲ್ಲ ಡಿಸ್ಕ್ ಬದಲಿಸಿಕೊಂಡು ಬರುತ್ತೇನೆ. ಪ್ರತಿ ಫೈಲಿಗೂ ಶಾ-256 ಲೆಕ್ಕ, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ, ತೆಗೆದು ಬರೆದಿಟ್ಟಿದ್ದೇನೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಆ ಲೆಕ್ಕ ತಾಳೆಯಾಗುವುದಿಲ್ಲ.

“ಇದನ್ನು ಪ್ರಿಂಟ್ ಹಾಕಿ ಮಾರಬಹುದಲ್ಲ?” ಅಂತ ಸ್ಟುಡಿಯೋಕ್ಕೆ ಬಂದವರು ಕೇಳುತ್ತಾರೆ. ಮಾರಬಾರದು. ನನ್ನದು ಆ ಹಾಳೆ ಮಾತ್ರ. ಚಿತ್ರದ ಹಕ್ಕು ಮಾಡಿಸಿದವರ ಹತ್ತಿರವೇ ಇರುತ್ತದೆ. ಹಾಳೆ ಕೊಂಡ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಈಗ ನಡೆಸಿರುವ ಕೆಲಸ ಅಂದರೆ ಮಾವನ ಜೊತೆ ಕೂತು ವಿವರ ಬರೆಯುವುದು. ಹಿಂಬದಿಯ ಫೋಟೋವನ್ನು ದೊಡ್ಡ ಪರದೆಯಲ್ಲಿ ಹಾಕುತ್ತೇನೆ. ಅವರಿಗೆ ಕಣ್ಣು ಸ್ವಲ್ಪ ಮಂದ. ಆದರೂ ಹತ್ತಿರ ಹೋಗಿ ನೋಡಿ, “ಇದು ನಂದಲ್ಲ, ನನ್ನ ಪಕ್ಕದ ಮೇಜಿನವಂದು. ಅವ ಬಣ್ಣ ದಪ್ಪ ಹಚ್ತಿದ್ದ” ಅಂತಾರೆ. ನಂಬರಿನ ಅಕ್ಷರ ನೋಡಿ ಬರೆದವರು ಯಾರು ಅಂತಾರೆ. ಆ ಚಿತ್ರಗಳ ಟೈಟಲ್ಲಿನಲ್ಲಿ ಇವರ ಯಾರ ಹೆಸರೂ ಬಂದದ್ದಲ್ಲ. ಅವರು ಹೇಳಿದ್ದನ್ನು ಆಯಾ ಫೈಲಿನ ಮಾಹಿತಿಯ ಜಾಗದಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಸೇರಿಸುತ್ತೇನೆ, ಮಾತನ್ನೂ ರೆಕಾರ್ಡ್ ಮಾಡುತ್ತೇನೆ. ಕಟ್ಟಿನಲ್ಲಿ ಅರ್ಧದಷ್ಟು ಆಗಿದೆ. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ, ಅವನ್ನು ಬಿಡಿಸುವ ಗೊಡವೆಗೆ ನಾನು ಹೋಗಿಲ್ಲ. ಕಲಾಕೃತಿ ದುರಸ್ತಿ ಕಲಿತವರೇ ಅದನ್ನು ಮಾಡಬೇಕು. ಅಂಟಿದ್ದ ಹಾಗೇ ಎರಡೂ ಬದಿ ಫೋಟೋ ತೆಗೆದು, ಮೇಲೆ ಕಾಣುವ ನಂಬರು ಬರೆದು, ಬೇರೆ ಫೋಲ್ಡರಿನಲ್ಲಿ ಮಲಗಿಸಿ ಇಟ್ಟಿದ್ದೇನೆ.