ಮೆಡಿಟರೇನಿಯನ್ ದಂಡೆಯ ಮನೆ: ಮೊದಲು ನೆರಳು, ಆಮೇಲೆ ಕಡಲು

ಮೆಡಿಟರೇನಿಯನ್ ದಂಡೆಯಲ್ಲಿ ನಿವೇಶನ ಕೊಂಡವರು ಸಾಮಾನ್ಯವಾಗಿ ಕಡಲಿನ ಕಡೆಯ ಗೋಡೆಯನ್ನೆಲ್ಲ ಗಾಜು ಮಾಡಿಸಲು ಹೊರಡುತ್ತಾರೆ. ನನ್ನ ಪ್ರಕಾರ ಎಡವುವುದು ಅಲ್ಲಿಯೇ. ಬೇಸಿಗೆಯ ಹಗಲಿನಲ್ಲಿ ನೀರಿನಿಂದ ಚಿಮ್ಮುವ ಬೆಳಕು ಕಣ್ಣು ಕುಕ್ಕುತ್ತದೆ, ಒಳಗೆ ಸೆಕೆ ತುಂಬುತ್ತದೆ, ಕಡೆಗೆ ಪರದೆ ಎಳೆದು ಏಸಿ ಹಾಕಿಕೊಂಡು ಕೂರಬೇಕಾಗುತ್ತದೆ.

ಸಿಡ್ನಿ ಒಪೆರಾ ಹೌಸಿನ ವಾಸ್ತುಶಿಲ್ಪಿ, ಡೆನ್ಮಾರ್ಕಿನ ಯೋರ್ನ್ ಉಟ್ಸೋನ್, 1970ರ ದಶಕದ ಆರಂಭದಲ್ಲಿ ಸ್ಪೇನಿನ ಮಾಯೋರ್ಕಾ ದ್ವೀಪದ ಕಡಿದಾದ ದಂಡೆಯ ಮೇಲೆ ತಮಗಾಗಿ ಕಟ್ಟಿಕೊಂಡ 'ಕಾನ್ ಲಿಸ್' ಮನೆಯನ್ನು ಈ ದೃಷ್ಟಿಯಿಂದ ಗಮನಿಸಬೇಕು. ಅಲ್ಲಿ ಕಡಲು ಕಾಣುವುದು ಆಳವಾದ ಕಲ್ಲಿನ ಗೂಡುಗಳ ಮೂಲಕ. ಕಿಟಕಿಯ ಚೌಕಟ್ಟನ್ನು ಗೋಡೆಯ ಹೊರಮೈಗೆ ಜೋಡಿಸಿರುವುದರಿಂದ ಒಳಗೆ ಕುಳಿತವರಿಗೆ ಚೌಕಟ್ಟಿನ ಮರವೂ ಕಾಣದು, ಗಾಜಿದೆಯೆಂಬುದೂ ತೋರದು. ಬೈಠಕ್ ಕೋಣೆಯ ಗೋಡೆಯಲ್ಲಿ ಎತ್ತರದಲ್ಲೊಂದು ಸಣ್ಣ ಸಂದು. ಮಧ್ಯಾಹ್ನದ ಹೊತ್ತು ಸ್ವಲ್ಪ ಕಾಲ ಒಂದೇ ಒಂದು ಬಿಸಿಲಕೋಲು ಅದರಿಂದ ಇಳಿದು ಒರಟು ಕಲ್ಲನ್ನು ಸವರಿ ಹೋಗುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದ ಉಟ್ಸೋನ್ ಅವರೇ ಮುಂದೆ ಕಡಲಿನ ಝಳಪು ಕಣ್ಣಿಗೆ ತಡೆಯದೆ ಒಳನಾಡಿನ ಗುಡ್ಡದ ಮನೆಗೆ ಸರಿದರು.

ನೆರಳನ್ನು ಲೆಕ್ಕ ಹಾಕಿಯೇ ಕೊಡಬೇಕು. ಮಾಯೋರ್ಕಾದಲ್ಲಿ ಜೂನ್ ಕೊನೆಯ ನಡುಹಗಲಿನ ಸೂರ್ಯ ಸುಮಾರು 74 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರಿನಲ್ಲಿ ಸುಮಾರು 27. ದಕ್ಷಿಣಕ್ಕೆ ತೆರೆದ 2.4 ಮೀಟರ್ ಎತ್ತರದ ಬಾಗಿಲಿನ ನೆತ್ತಿಗೆ 70 ಸೆಂಟಿಮೀಟರ್ ಸಜ್ಜ ಹಾಕಿದರೆ ಬೇಸಿಗೆಯ ನಡುಹಗಲಿನಲ್ಲಿ ಬಾಗಿಲು ಪೂರ್ತಿ ನೆರಳಿನಲ್ಲಿರುತ್ತದೆ; ಚಳಿಗಾಲದಲ್ಲಾದರೋ ಮೇಲಿನ 35 ಸೆಂಟಿಮೀಟರ್ ಬಿಟ್ಟು ಉಳಿದೆಲ್ಲ ಕಡೆ ಬಿಸಿಲು ಒಳಬರುತ್ತದೆ. ಪೂರ್ವ ಪಶ್ಚಿಮಗಳ ಓರೆ ಬಿಸಿಲಿಗೆ ಸಜ್ಜ ಸಾಲದು. ಆ ದಿಕ್ಕುಗಳಿಗೆ ಗಾಳಿಯಾಡುವಂಥ ಅಡ್ಡಪಟ್ಟಿಗಳ ಮರದ ಕದಗಳೇ ಬೇಕು. ಅಂಗಳದ ಚಪ್ಪರಕ್ಕೆ ದ್ರಾಕ್ಷಿ ಹಬ್ಬಿಸುವುದು ಜಾಣತನ, ಏಕೆಂದರೆ ಚಳಿಗಾಲದಲ್ಲಿ ಅದು ತಾನಾಗಿ ಎಲೆಯುದುರಿಸಿ ಬಿಸಿಲಿಗೆ ದಾರಿ ಬಿಡುತ್ತದೆ.

ಗೋಡೆಗೆ ಸ್ಥಳೀಯ ಮಾರೆಸ್ ಮರಳುಗಲ್ಲು ಸಾಕು. ನಮ್ಮ ಕರಾವಳಿಯ ಮುರಕಲ್ಲಿನಂತೆ ಅದೂ ಗರಗಸಕ್ಕೆ ಮಣಿಯುವ, ತೇವ ಹೀರುವ ಕಲ್ಲು. ಗಟ್ಟಿ ಸಿಮೆಂಟಿನ ಗಿಲಾವು ಮಾಡಿದರೆ ಉಪ್ಪು ಮತ್ತು ತೇವ ಒಳಗೇ ಸಿಕ್ಕಿಕೊಂಡು ಮೈ ಉದುರುತ್ತದೆ, ಆದ್ದರಿಂದ ಸುಣ್ಣದ ಗಾರೆಯನ್ನೇ ಬಳಸಬೇಕು. ಚಾವಣಿಗೆ ಬಿಸಿಲು ತಡೆಯಲು ದಂಡೆಗೆ ಬಂದು ಬೀಳುವ ಪೊಸಿಡೋನಿಯಾ ಎಂಬ ಕಡಲಹುಲ್ಲನ್ನು ಒಣಗಿಸಿ ಹಾಸುವ ಹಳೆಯ ಪದ್ಧತಿಯನ್ನು ಫೋರ್ಮೆಂತೇರಾ ದ್ವೀಪದ 14 ಸಾರ್ವಜನಿಕ ವಸತಿಗಳಲ್ಲಿ ಮತ್ತೆ ಬಳಸಿದ್ದಾರೆ. ಅದು ಸಂರಕ್ಷಿತ ಸಸ್ಯ; ಅನುಮತಿಯಿಲ್ಲದೆ ಬಾಚಿ ತರುವಂತಿಲ್ಲ.

ಮಳೆ ಬೀಳುವುದು ಬಹುಪಾಲು ಶರತ್ಕಾಲ ಮತ್ತು ಚಳಿಗಾಲದಲ್ಲಿ, ನೀರು ಬೇಕಾಗುವುದು ಬೇಸಿಗೆಯಲ್ಲಿ. 200 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 400 ಮಿಲಿಮೀಟರ್ ಮಳೆ ಸುರಿದರೆ 80,000 ಲೀಟರ್ ನೀರಾಗುತ್ತದೆ. ಹಿಂದಿನವರು ಅಂಗಳದ ಕೆಳಗೆ ಕಟ್ಟುತ್ತಿದ್ದಂಥ ನೆಲತೊಟ್ಟಿಯನ್ನು ಈ ಅಂದಾಜು ನೋಡಿ ಕಟ್ಟಿಸಬೇಕು. ತೋಟಕ್ಕೆ ಹುಲ್ಲುಹಾಸು ಬೇಡ. ಆಲಿವ್, ಕ್ಯಾರಬ್, ರೋಸ್‌ಮೆರಿ ಬೇರೂರಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ.

ನಕ್ಷೆ ಬರೆಸುವ ಮೊದಲು ವಕೀಲರನ್ನು ಕಾಣಿರಿ. ಸ್ಪೇನಿನ 1988ರ ಕರಾವಳಿ ಕಾಯ್ದೆಯಂತೆ ಸಾರ್ವಜನಿಕ ಕಡಲಂಚಿನ ಒಳಗಡಿಯಿಂದ 100 ಮೀಟರ್ ಪಟ್ಟಿಯಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಆಗಲೇ ನಗರವಾಗಿದ್ದ ಜಾಗಗಳಲ್ಲಿ ಈ ಪಟ್ಟಿ 20 ಮೀಟರ್. ಬಾಗಿಲ ತಿರುಗಣಿ, ಚಿಲಕ, ಮೊಳೆಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ ತರಿಸಿ, ಅದನ್ನೂ ಆಗಾಗ ಸಿಹಿನೀರಿನಲ್ಲಿ ತೊಳೆಸಿರಿ. ಉಪ್ಪುಗಾಳಿ ಅದರ ಮೇಲೂ ಕಂದು ಕಲೆ ಎಬ್ಬಿಸುತ್ತದೆ.