ಸೈಡ್‌ಬೋರ್ಡ್ ಕಟ್ಟುವಾಗ ನಾನು ಮೊದಲು ಕೇಳುವುದು: ಹೊರಗೆ ಯಾವುದು?

ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡುವವರನ್ನು ಸೈಡ್‌ಬೋರ್ಡ್ ಬಗ್ಗೆ, ಅಂದರೆ ಆಟಗಳ ನಡುವೆ ಡೆಕ್‌ನ (ಕಾರ್ಡ್ ಕಟ್ಟಿನ) ಕಾರ್ಡ್‌ಗಳ ಜೊತೆ ಬದಲಾಯಿಸಿಕೊಳ್ಳಲು ಪಕ್ಕಕ್ಕಿಟ್ಟ ಕಾರ್ಡ್‌ಗಳ ಬಗ್ಗೆ, ಕೇಳಿ ನೋಡಿ. ಯಾವ ಡೆಕ್ ಎದುರು ಯಾವ ಕಾರ್ಡ್ ಒಳಗೆ ಬರಬೇಕು ಅಂತ ಪಟಪಟ ಹೇಳುತ್ತಾರೆ. ಹೊರಗೆ ಹೋಗುವುದು ಯಾವುದು ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ನನ್ನ ಡೆಕ್ ಹದಕ್ಕೆ ಬಂದದ್ದು ಈ ಎರಡನೇ ಪ್ರಶ್ನೆಯಿಂದ.

ನಾನು ಆಡುವುದು ಪಾಪರ್ ಫಾರ್ಮ್ಯಾಟ್. ಕಾಮನ್ (ಸುಲಭವಾಗಿ ಸಿಗುವ ದರ್ಜೆ) ಆಗಿ ಒಮ್ಮೆಯಾದರೂ ಬಂದ ಕಾರ್ಡ್‌ಗಳು ಮಾತ್ರ ಇಲ್ಲಿ ನಡೆಯುತ್ತವೆ, ಹಾಗಾಗಿ ಖರ್ಚು ಕಡಿಮೆ. ಕಲಬುರಗಿಯಲ್ಲಿ ನಮ್ಮ ಜೊತೆ ಆಡುವವರು ಬೆರಳೆಣಿಕೆಯಷ್ಟು. ಟೂರ್ನಮೆಂಟ್ ಬೇಕೆಂದರೆ ನಾವು ಹೈದರಾಬಾದ್ ಇಲ್ಲವೇ ಬೆಂಗಳೂರಿನ ರೈಲು ಹತ್ತುತ್ತೇವೆ. ಅಷ್ಟು ದೂರ ಹೋಗುವ ಮುಂಚೆ ಡೆಕ್ ಮನೆಯಲ್ಲೇ ಪಳಗಬೇಕು. ಅದಕ್ಕೆ ಎದುರಾಗಬಹುದಾದ ಡೆಕ್‌ಗಳನ್ನೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತೇವೆ. ಹಾಳೆ ಕತ್ತರಿಸಿ, ಹಿಂದೆ ಒಂದು ಹಳೇ ಇಸ್ಪೀಟ್ ಎಲೆ ಇಟ್ಟು ಸ್ಲೀವ್‌ಗೆ ತೂರಿಸಿದರೆ ಪ್ರಾಕ್ಸಿ ಸಿದ್ಧ. ಅಧಿಕೃತ ಟೂರ್ನಮೆಂಟಿನಲ್ಲಿ ಇವು ನಡೆಯಲ್ಲ, ಅಭ್ಯಾಸಕ್ಕೆ ಧಾರಾಳ ಸಾಕು. ಮೇ ತಿಂಗಳ ಮಧ್ಯಾಹ್ನ ನಮ್ಮೂರಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಕೂಲರ್ ಮುಂದೆ ಕೂತು ಆಡುವುದಕ್ಕೆ ಅದೇ ಒಳ್ಳೆಯ ಹೊತ್ತು.

ನನ್ನದು ಬರೀ ಕೆಂಪು ಬಣ್ಣದ ಬರ್ನ್ ಡೆಕ್, ಅಂದರೆ ಎದುರಾಳಿಗೆ ನೇರವಾಗಿ ಡ್ಯಾಮೇಜ್ ಕೊಟ್ಟು ಗೆಲ್ಲುವಂಥದ್ದು. ಮೇನ್ ಡೆಕ್ 60, ಸೈಡ್‌ಬೋರ್ಡ್ 15. ಎದುರಾಳಿಯ ಲೈಫ್ 20. ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್ ಎಲ್ಲವೂ ತಲಾ 3 ಡ್ಯಾಮೇಜ್ ಕೊಡುತ್ತವೆ. ಅಂದರೆ ಇಂಥ ಏಳು ಕಾರ್ಡ್ ತಾಗಿದರೆ 21, ಆಟ ಮುಗಿಯಿತು. ಈ ಏಳರ ಲೆಕ್ಕ ನನಗೆ ತುಂಬಾ ಮುಖ್ಯ. ಕೈಯಲ್ಲಿ ಡ್ಯಾಮೇಜ್ ಕೊಡದ ಒಂದು ಕಾರ್ಡ್ ಬಂದರೆ, ಏಳನೆಯದಕ್ಕೆ ಇನ್ನೊಂದು ಸರದಿ ಕಾಯಬೇಕು. ಆ ಒಂದು ಸರದಿಯಲ್ಲಿ ಎಷ್ಟೋ ಆಟ ಕೈ ತಪ್ಪುತ್ತದೆ.

ಲ್ಯಾಂಡ್ (ಬೇರೆ ಕಾರ್ಡ್ ಆಡಲು ಬೇಕಾದ ಮನಾ, ಅಂದರೆ ಶಕ್ತಿ, ಕೊಡುವ ಕಾರ್ಡ್) ಎಷ್ಟಿರಬೇಕು ಅನ್ನೋದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿದೆ. 20 ಮೌಂಟನ್ (ಕೆಂಪು ಮನಾ ಕೊಡುವ ಲ್ಯಾಂಡ್) ಇದ್ದರೆ, ಮೊದಲ 7 ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದಿರುವ ಅಥವಾ ಒಂದೇ ಇರುವ ಸಾಧ್ಯತೆ ಸುಮಾರು ಶೇ. 25. 18ಕ್ಕೆ ಇಳಿಸಿದರೆ ಅದು ಶೇ. 31 ದಾಟುತ್ತದೆ. ಕಾರ್ಡ್‌ಗಳಿಗೆ ಕಡಿಮೆ ಮನಾ ಸಾಕು ಅಂತ ಲ್ಯಾಂಡ್ ಜಾಸ್ತಿ ಕಡಿಯುವುದು ನನಗೆ ಒಪ್ಪಿಗೆಯಿಲ್ಲ. ಫೈರ್‌ಬ್ಲಾಸ್ಟ್‌ಗೆ ಮನಾ ಕೊಡುವ ಬದಲು ಎರಡು ಮೌಂಟನ್ ಬಲಿ ಕೊಡಬಹುದು, 4 ಡ್ಯಾಮೇಜ್ ಬರುತ್ತದೆ. ಬಲಿ ಕೊಡಲು ಮೌಂಟನ್ ಇರಬೇಕಲ್ವಾ? 19ಕ್ಕೆ ನಿಂತೆ.

ಇನ್ನು ಸೈಡ್‌ಬೋರ್ಡ್. ನಾನು 75 ಕಾರ್ಡನ್ನೂ ನೆಲದ ಮೇಲೆ ಹರಡುತ್ತೇನೆ. ಒಂದು ಡೆಕ್ ಹೆಸರು ಹಿಡಿದು, ಅದರ ಎದುರು ನನಗೆ ಬೇಕಾದ 60 ಆರಿಸುತ್ತೇನೆ. ಬೇಡವಾದವು ನಾಲ್ಕೇ ಇದ್ದು, ಒಳಗೆ ತರಬೇಕೆಂದು ಏಳು ಕಾರ್ಡ್ ಇಟ್ಟುಕೊಂಡಿದ್ದರೆ, ಅದರಲ್ಲಿ ಮೂರು ದಂಡ. ಆ ಮೂರು ಜಾಗ ಬೇರೆ ಡೆಕ್‌ಗೆ ಕೊಡುತ್ತೇನೆ.

ಟೊಲೇರಿಯನ್ ಟೆರರ್ ಇರುವ ನೀಲಿ ಡೆಕ್ ತೆಗೆದುಕೊಳ್ಳಿ. ಟೆರರ್ ಒಂದು ಕ್ರೀಚರ್ (ಹೋರಾಡುವ ಜೀವಿ), 5/5, ಅಂದರೆ 5 ಡ್ಯಾಮೇಜ್ ಕೊಡುತ್ತದೆ, 5 ತಿಂದರೇ ಸಾಯುತ್ತದೆ, ಬೋಲ್ಟ್‌ಗೆ ಸಾಯಲ್ಲ. ಅವರ ಗ್ರೇವ್‌ಯಾರ್ಡ್‌ನಲ್ಲಿ (ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಲ್ಲಿ) ಇನ್‌ಸ್ಟಂಟ್, ಸಾರ್ಸರಿ ಎಂಬ ಒಮ್ಮೆ ಆಡಿ ಮುಗಿಯುವ ಕಾರ್ಡ್‌ಗಳು ಹೆಚ್ಚಿದಷ್ಟೂ ಅದಕ್ಕೆ ಕೊಡಬೇಕಾದ ಮನಾ ಕಡಿಮೆಯಾಗುತ್ತದೆ. ಪೈರೋಬ್ಲಾಸ್ಟ್ ಅದನ್ನು ಬರುವಾಗಲೇ ತಡೆಯುತ್ತದೆ. ಬಂದ ಮೇಲೆ ಹೊಡೆಯಲು ಹೋದರೆ ಅದರ ವಾರ್ಡ್ ಎಂಬ ರಕ್ಷಣೆಗಾಗಿ ಇನ್ನೂ ಎರಡು ಮನಾ ತೆರಬೇಕು. ರೆಲಿಕ್ ಆಫ್ ಪ್ರೊಜೆನಿಟಸ್ ಗ್ರೇವ್‌ಯಾರ್ಡ್ ಖಾಲಿ ಮಾಡಿ ಅದನ್ನು ತುಟ್ಟಿಯಾಗಿಸುತ್ತದೆ. ನನ್ನ ಹತ್ತಿರ ಎರಡೂ ಮೂರು ಮೂರು ಇದ್ದವು. "ಆರೂ ತುಂಬಲೇ, ಟೆರರ್ ಏಳಂಗೇ ಇಲ್ಲ" ಅಂದ ಗೆಳೆಯ. ಆದರೆ ಹೊರಗೆ ಹೋಗಬಹುದಾದದ್ದು ನಾಲ್ಕು ಸಿಯರಿಂಗ್ ಬ್ಲೇಜ್ ಮಾತ್ರ. ಅದಕ್ಕೆ ಎದುರಾಳಿಯ ಕ್ರೀಚರ್ ಒಂದು ಇರಲೇಬೇಕು, ಈ ಡೆಕ್‌ನಲ್ಲಿ ಅವು ಕಡಿಮೆ. ಇನ್ನೆರಡು ಬೋಲ್ಟ್ ತೆಗೆದರೆ ಏಳರ ಲೆಕ್ಕ ಕೆಡುತ್ತದೆ. ಆರೂ ಹಾಕಿ ಆಡಿ ನೋಡಿದೆವು. ಟೆರರ್ ನಿಧಾನವಾಯಿತು ನಿಜ, ನನ್ನ ಡ್ಯಾಮೇಜ್ ಅದಕ್ಕಿಂತ ನಿಧಾನವಾಯಿತು. ಈಗ ಎರಡು ಪೈರೋಬ್ಲಾಸ್ಟ್, ಎರಡು ರೆಲಿಕ್. ರೆಲಿಕ್ ಕೊನೆಗೆ ಒಂದು ಕಾರ್ಡ್ ಎಳೆದುಕೊಡುತ್ತದೆ, ಅದಕ್ಕೇ ಅದರ ಮೇಲೆ ನನಗೆ ವಿಶ್ವಾಸ ಜಾಸ್ತಿ.

ಆರ್ಟಿಫ್ಯಾಕ್ಟ್ (ಯಂತ್ರ, ವಸ್ತುಗಳ ಕಾರ್ಡ್) ತುಂಬಿದ ಅಫಿನಿಟಿ ಡೆಕ್ ಎದುರು ಸ್ಮ್ಯಾಶ್ ಟು ಸ್ಮಿದರೀನ್ಸ್ ನನ್ನ ಅಚ್ಚುಮೆಚ್ಚು. ಆರ್ಟಿಫ್ಯಾಕ್ಟ್ ಒಡೆಯುತ್ತದೆ, ಅದನ್ನು ಆಡುತ್ತಿರುವವನಿಗೆ 3 ಡ್ಯಾಮೇಜ್ ಕೂಡ ಕೊಡುತ್ತದೆ. ಅವರ ಬ್ರಿಡ್ಜ್ ಲ್ಯಾಂಡ್‌ಗಳೂ ಆರ್ಟಿಫ್ಯಾಕ್ಟೇ, ಆದರೆ ಒಡೆಯಲ್ಲ. ಪರವಾಗಿಲ್ಲ, ಬ್ರಿಡ್ಜ್‌ಗೆ ಗುರಿಯಿಟ್ಟರೂ ಆ 3 ಡ್ಯಾಮೇಜ್ ತಪ್ಪಲ್ಲ. ಅಂದರೆ ಇದು ಒಳಗೆ ಬಂದರೂ ಏಳರ ಲೆಕ್ಕದಲ್ಲೇ ಇರುತ್ತದೆ. ಇದನ್ನು ನಾಲ್ಕು ಇಟ್ಟುಕೊಂಡಿದ್ದೇನೆ. ಎಲ್ಫ್ ಡೆಕ್ ಎದುರು ಲಾವಾ ಸ್ಪೈಕ್ ಹೊರಗೆ, ಅದು ಕ್ರೀಚರ್ ಮೇಲೆ ನಡೆಯಲ್ಲ. ಎಲೆಕ್ಟ್ರಿಕರಿ ಒಳಗೆ. ಮೂರು ಮನಾ ಕೊಟ್ಟು ಓವರ್‌ಲೋಡ್ ಮಾಡಿದರೆ ಅವರ ಪ್ರತಿ ಕ್ರೀಚರ್‌ಗೂ 1 ಡ್ಯಾಮೇಜ್.

ಹಸಿರು ಡೆಕ್‌ಗಳ ವೆದರ್ ದ ಸ್ಟಾರ್ಮ್‌ಗೆ ಮಾತ್ರ ನಾನು ಕಾರ್ಡ್ ಇಟ್ಟಿಲ್ಲ. ಆ ಸರದಿಯಲ್ಲಿ ಅದಕ್ಕೂ ಮುಂಚೆ ಯಾರೇ ಆಡಿದ ಒಂದೊಂದು ಸ್ಪೆಲ್‌ಗೂ ಅವರಿಗೆ ಇನ್ನೂ 3 ಲೈಫ್ ಸಿಗುತ್ತದೆ. ಹಾಗಾಗಿ ಒಂದೇ ಸರದಿಯಲ್ಲಿ ಮೂರು ಬೋಲ್ಟ್ ಸುರಿಯುವುದಿಲ್ಲ, ಹಂಚಿ ಆಡುತ್ತೇನೆ.

ಅಭ್ಯಾಸದಲ್ಲಿ ನಾವು ಜಾಸ್ತಿ ಆಡುವುದು ಸೈಡ್‌ಬೋರ್ಡ್ ಹಾಕಿದ ಮೇಲಿನ ಆಟವನ್ನೇ. ಪಂದ್ಯ ಮೂರರಲ್ಲಿ ಎರಡು ಗೆದ್ದವರದ್ದು. ಮೊದಲ ಆಟಕ್ಕೆ ಮಾತ್ರ ಮೇನ್ ಡೆಕ್, ಉಳಿದದ್ದು ಬದಲಾದ ಡೆಕ್. ಎದುರು ಕೂತವನೂ ತನ್ನ 15ರಿಂದ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಅಭ್ಯಾಸಕ್ಕೆ ಅರ್ಥವಿಲ್ಲ.

ಎರಡು ಆಟದ ನಡುವೆ ಮೊದಲೇ ಬರೆದಿಟ್ಟ ಚಿಕ್ಕ ಟಿಪ್ಪಣಿ ನೋಡಲು ನಿಯಮ ಬಿಡುತ್ತದೆ. ಒಂದು ಚೀಟಿಯಲ್ಲಿ ಡೆಕ್ ಹೆಸರು, "ಹೊರಗೆ", "ಒಳಗೆ" ಅಂತ ಬರೆದು ಡೆಕ್ ಬಾಕ್ಸ್‌ನಲ್ಲಿ ಇಟ್ಟಿರುತ್ತೇನೆ. ಆಟ ಶುರುವಾಗುವ ಮುಂಚೆ ಅದನ್ನು ಒಳಗಿಡಬೇಕು. ಪಂದ್ಯ ಮುಗಿದ ಕೂಡಲೇ 15 ಕಾರ್ಡ್ ವಾಪಸ್ ಎಣಿಸಿಡಬೇಕು, ಮುಂದಿನ ಪಂದ್ಯ ಮೂಲ 60ರಿಂದಲೇ ಶುರುವಾಗುತ್ತದೆ.