ಟ್ರ್ಯಾಕ್ಟರ್‌ಗೆ ಕಟ್ಟಿಗೆ ಸೀಳುವ ಯಂತ್ರ ಜೋಡಿಸಿದ್ದು: ವಾಪಸ್ ಪೈಪಿನ ಕಥೆ

ಮುಧೋಳ ಕಡೆ ಜಾಲಿ ಬೊಡ್ಡೆ ಸೀಳಲು ಈಗ ಆಳು ಸಿಗುವುದು ಕಷ್ಟ. ಸಿಕ್ಕರೂ ಗಂಟುಬಿದ್ದ ಬೊಡ್ಡೆ ಕಂಡ ಕೂಡಲೇ ಕೊಡಲಿ ಕೆಳಗಿಟ್ಟು ಎಲಿ-ಅಡಿಕಿ ಚೀಲ ತೆಗೆಯುತ್ತಾರೆ. ಅದಕ್ಕೇ ಹೈಡ್ರಾಲಿಕ್ ಯಂತ್ರ ತಂದೆ. ಪಲ್ಟಿ ನೇಗಿಲಿಗೆಂದು ಹಾಕಿಸಿದ್ದ ಡಬಲ್ ಆ್ಯಕ್ಟಿಂಗ್ ವಾಲ್ವ್ (ಸಿಲಿಂಡರನ್ನು ಚಾಚಲೂ ಎಳೆಯಲೂ ಎಣ್ಣೆ ಕೊಡುವಂಥದ್ದು), ಎರಡು ಕಪ್ಲರ್ (ಪೈಪ್ ಸಿಗಿಸುವ ಕೊಂಡಿ) ಸಮೇತ, ಟ್ರ್ಯಾಕ್ಟರ್ ಹಿಂದೆ ಇದ್ದೇ ಇತ್ತು.

ಯಂತ್ರಕ್ಕೆ ತನ್ನದೇ ವಾಲ್ವ್ ಮತ್ತು ಲಿವರ್ ಇದೆ. "ಅದನ್ನ ತಗದು ಒಗೀರಿ, ಸಿಲಿಂಡರಿಗೇ ಎರಡೂ ಪೈಪ್ ಕೊಡ್ರಿ" ಅಂದವರೂ ಇದ್ದರು. ಹಾಗೆ ಮಾಡಿದರೆ ಬೊಡ್ಡೆ ಹಿಡಿಯುವವನೊಬ್ಬ, ಸೀಟಿನ ಮೇಲೆ ಲಿವರ್ ಎಳೆಯುವವ ಇನ್ನೊಬ್ಬ. ಇವನ ಬೆರಳು ಎಲ್ಲಿದೆಯೆಂದು ಅವನಿಗೆ ಕಾಣುವುದಿಲ್ಲ. ನಾನು ಒಪ್ಪಲಿಲ್ಲ.

ಒಂದು ಕಪ್ಲರ್‌ನಿಂದ ಯಂತ್ರದ ವಾಲ್ವಿನ ಒಳದಾರಿಗೆ ಪ್ರೆಷರ್ ಪೈಪ್ ಕೊಟ್ಟೆ. ವಾಪಸ್ ಪೈಪನ್ನು ಎರಡನೇ ಕಪ್ಲರ್‌ಗೆ ಸಿಗಿಸಲಿಲ್ಲ. ಟ್ರ್ಯಾಕ್ಟರ್ ಹೌಸಿಂಗ್‌ನಲ್ಲಿ, ಅಂದರೆ ಎಣ್ಣೆ ತುಂಬಿರುವ ಪೆಟ್ಟಿಗೆಯಲ್ಲಿ, ಆಯಿಲ್ ವಾಪಸ್ ಬೀಳಲು ಇರುವ ಪ್ಲಗ್ ಬಿಚ್ಚಿಸಿ ನೇರ ಅಲ್ಲಿಗೇ ಜೋಡಿಸಿದೆ. ಕಪ್ಲರ್ ಪೂರ್ತಿ ಕೂಡದಿದ್ದರೆ ಒಳಗಿನ ಗುಂಡು ದಾರಿ ಮುಚ್ಚುತ್ತದೆ, ಪಂಪು ಮಾತ್ರ ತಳ್ಳುತ್ತಲೇ ಇರುತ್ತದೆ. ಯಂತ್ರದ ವಾಲ್ವಿನ ವಾಪಸ್ ಬದಿ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಸೀಲ್ ಹಾರುತ್ತದೆ, ಎರಕವೇ ಬಿರಿದರೂ ಬಿರಿಯಬಹುದು. ಒತ್ತಡ ಮಿತಿಮೀರಿದರೆ ಎಣ್ಣೆ ಬಿಡುವ ಅದರ ರಿಲೀಫ್ ವಾಲ್ವ್ ಇಲ್ಲಿ ಏನೂ ಮಾಡಲಾರದು, ಅದು ಎಣ್ಣೆ ಬಿಡುವುದೂ ಅದೇ ಮುಚ್ಚಿದ ಪೈಪಿಗೆ. ಪೈಪ್ ಅದಲುಬದಲಾದರೂ ಇದೇ ಗತಿ. ಹಾಗಾಗಿ ಪ್ರೆಷರ್ ಪೈಪಿಗೆ ಕೆಂಪು ಟೇಪ್ ಸುತ್ತಿದ್ದೇನೆ.

ಪೈಪುಗಳನ್ನು ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸಿದೆ. ಪ್ರೆಷರಿಗೆ ಅರ್ಧ ಇಂಚಿನ ಎರಡು ತಂತಿ ಪದರದ ಆರ್2 ಹೋಸ್, 275 ಬಾರ್ ಒತ್ತಡ ತಡೆಯುವಂಥದ್ದು. ವಾಪಸಿಗೆ ಮುಕ್ಕಾಲು ಇಂಚು, ತುದಿಗೆ ಕಪ್ಲರ್ ಬದಲು ತಿರುಗಿಸಿ ಬಿಗಿಯುವ ಯೂನಿಯನ್ ನಟ್. ಬಿಚ್ಚಲು ಪಾನಾ ಬೇಕು, ಇರಲಿ. ಜೋಡಣೆಗೆ ಡೌಟಿ ವಾಷರ್ (ಒಳಅಂಚಿಗೆ ರಬ್ಬರ್ ಇರುವ ಲೋಹದ ವಾಷರ್) ಹಾಕಿಸಿ, ಟೆಫ್ಲಾನ್ ಟೇಪ್ ಬೇಡ. ಅದರ ಚೂರು ಎಣ್ಣೆಯಲ್ಲಿ ಸೇರಿ ವಾಲ್ವಿನೊಳಗೆ ಸಿಕ್ಕಿಕೊಳ್ಳುತ್ತದೆ.

ನನ್ನ ಸಿಲಿಂಡರಿನ ಒಳವ್ಯಾಸ 100 ಮಿ.ಮೀ. 150 ಬಾರ್‌ಗೆ ಸುಮಾರು 12 ಟನ್ ಒತ್ತುತ್ತದೆ, ಜಾಲಿಗೆ ಸಾಕು. 60 ಸೆಂ.ಮೀ. ಚಾಚಲು 4.7 ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 25 ಲೀಟರ್ ಬಂದರೆ 11 ಸೆಕೆಂಡು. ರೇಸ್ ಕೊಟ್ಟರೆ ವೇಗ ಹೆಚ್ಚುತ್ತದೆ, ಬಲ ಹೆಚ್ಚುವುದಿಲ್ಲ. ಸಿಕ್ಕಿಬಿದ್ದ ಬೊಡ್ಡೆಗೆ ಎಂಜಿನ್ ಗುಡುಗಿಸುವುದು ಡೀಸೆಲ್ ದಂಡ.

ಕೆಲಸ ನಡೆದಷ್ಟು ಹೊತ್ತು ಟ್ರ್ಯಾಕ್ಟರ್ ಲಿವರ್ ಪ್ರೆಷರ್ ಕಡೆಗೇ ನಿಂತಿರಬೇಕು. ನಮ್ಮದು ತಾನಾಗಿ ನಿಲ್ಲುವುದಿಲ್ಲ, ಹಳೇ ಟ್ಯೂಬಿನ ಪಟ್ಟಿ ಕಟ್ಟುತ್ತೇನೆ. ಚಹಾಕ್ಕೆ ಎದ್ದರೆ ಪಟ್ಟಿ ಬಿಚ್ಚಿ ನ್ಯೂಟ್ರಲ್‌ಗೆ ತರುತ್ತೇನೆ, ಇಲ್ಲದಿದ್ದರೆ ಎಣ್ಣೆ ಸುಮ್ಮನೆ ಸುತ್ತಿ ಬಿಸಿಯಾಗುತ್ತದೆ.

ಸೋರಿಕೆಯನ್ನು ಕೈಯಿಂದ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪೈಪ್ ಬಿಚ್ಚುವ ಮೊದಲು ಎಂಜಿನ್ ಆಫ್ ಮಾಡಿ, ಲಿವರ್ ಹಿಂದೆ ಮುಂದೆ ಆಡಿಸಿ ಒತ್ತಡ ಇಳಿಸಿ.

ಮೊದಲ ಸಲ ಬೊಡ್ಡೆ ಇಡದೆ ಸಿಲಿಂಡರನ್ನು ನಿಧಾನ ಚಾಚಿ ಎಳೆದು ಗಾಳಿ ಹೊರಹಾಕಿ. ನಂತರ ಸಿಲಿಂಡರ್ ಪೂರ್ತಿ ಒಳಗಿರುವಾಗ ಡಿಪ್‌ಸ್ಟಿಕ್ ನೋಡಿ, ಕಡಿಮೆಯಿದ್ದರೆ ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲ್ ಹಾಕಿ. ನಮ್ಮ ಟ್ರ್ಯಾಕ್ಟರ್‌ನಲ್ಲಿ ಗೇರಿಗೂ ಇದೇ ಎಣ್ಣೆ, ಕಪ್ಲರ್ ಮೇಲಿನ ಮಣ್ಣು ಒರೆಸದೆ ಸಿಗಿಸಿದರೆ ಅದೂ ಗೇರಿಗೇ ಹೋಗುತ್ತದೆ.